ಎದೆಯ ಆಪರೇಷನ್, ಮನಸ್ಸಿನ ಮಂಕು

ನಮ್ಮ ಎದೆಯೊಳಗೆ ಒಂದು ಪಂಪು ಇದೆ. ಅದೇ ಹೃದಯ. ಅದು ನಮ್ಮ ಮುಷ್ಟಿಯಷ್ಟು ದೊಡ್ಡದು. ಒಂದು ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಹೊಲದ ಪಂಪಿಗೆ ಕರೆಂಟು ಹೋದಾಗಲಾದರೂ ಬಿಡುವು ಸಿಗುತ್ತದೆ. ಹೃದಯಕ್ಕೆ ಬಿಡುವೇ ಇಲ್ಲ.

ಈ ಪಂಪಿಗೂ ರಕ್ತ ಬೇಕು. ಅದಕ್ಕೆ ರಕ್ತ ತರುವ ಸಣ್ಣ ನಾಳಗಳಿವೆ. ಕೆಲವರಿಗೆ ಈ ನಾಳಗಳ ಒಳಗೆ ಕೊಬ್ಬು ಕಟ್ಟಿಕೊಳ್ಳುತ್ತದೆ. ಕಾಲುವೆಯಲ್ಲಿ ಹೂಳು ತುಂಬಿದ ಹಾಗೆ. ಆಗ ನಾಲ್ಕು ಹೆಜ್ಜೆ ನಡೆದರೆ ಎದೆ ಹಿಂಡುತ್ತದೆ. ಏದುಸಿರು ಬರುತ್ತದೆ. ಹೂಳು ಬಹಳ ಆಗಿದ್ದರೆ ವೈದ್ಯರು "ಬೈಪಾಸ್ ಆಪರೇಷನ್ ಆಗಬೇಕು" ಅಂತಾರೆ.

ಬೈಪಾಸ್ ಅಂದರೆ ಬಳಸು ದಾರಿ. ಕಾಲಿನಿಂದಲೋ, ಎದೆಯ ಒಳಗೋಡೆಯಿಂದಲೋ ಒಂದು ರಕ್ತನಾಳ ತೆಗೆಯುತ್ತಾರೆ. ಕಟ್ಟಿದ ಜಾಗವನ್ನು ಬಳಸಿ ರಕ್ತ ಹರಿಯುವ ಹಾಗೆ ಅದನ್ನು ಜೋಡಿಸುತ್ತಾರೆ. ಅರ್ಜೆಂಟೀನಾ ದೇಶದ ರೆನೆ ಫವಲೊರೊ ಎಂಬ ವೈದ್ಯರು 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಕಾಲಿನ ನಾಳ ಬಳಸಿ ಈ ಆಪರೇಷನ್ ಮಾಡಿದರು. ಆಮೇಲೆ ಅದು ಲೋಕಕ್ಕೆಲ್ಲ ಹಬ್ಬಿತು. ಈಗ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಆಸ್ಪತ್ರೆಗಳಲ್ಲಿ ಇದು ದಿನನಿತ್ಯದ ಕೆಲಸ. ನಮ್ಮ ಹಳ್ಳಿಗಳಲ್ಲೂ ಎದೆ ಮೇಲೆ ಉದ್ದ ಗಾಯದ ಗುರುತು ಇರುವವರು ಸಿಗುತ್ತಾರೆ.

ಗಾಯ ಕಣ್ಣಿಗೆ ಕಾಣುತ್ತದೆ. ಕಾಣದ್ದು ಇನ್ನೊಂದಿದೆ. ಈ ಪಾಠದಲ್ಲಿ ನಾವು ಅದರ ವಿಷಯ ಓದೋಣ.

ಆಪರೇಷನ್ನಿಗೆ ಮುಂಚೆ

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮನೆಯ ಹಿರಿಯರಿಗೆ 58 ವರ್ಷ. ನಾವು ಅವರನ್ನು ಯಜಮಾನರು ಅಂತಲೇ ಕರೆಯೋಣ. ಎರಡು ಎಕರೆ ಹೊಲ, ಒಂದಿಷ್ಟು ತೆಂಗು. ವೈದ್ಯರು ಆಪರೇಷನ್ ದಿನ ಗೊತ್ತು ಮಾಡಿದ್ದಾರೆ. ಇನ್ನು ಮೂರು ವಾರ ಇದೆ.

ಯಜಮಾನರು ಸರಿಯಾಗಿ ಉಣ್ಣುತ್ತಿಲ್ಲ. ರಾತ್ರಿ ಎದ್ದು ಜಗಲಿ ಮೇಲೆ ಕೂರುತ್ತಾರೆ. ಮೊಮ್ಮಗಳು ಹತ್ತಿರ ಬಂದರೂ ಎತ್ತಿಕೊಳ್ಳುವುದಿಲ್ಲ. ಒಂದು ದಿನ ಹೆಂಡತಿ ಕೇಳಿದರು.

"ಏನೂಂದ್ರೆ, ಯಾಕೆ ಹಿಂಗೆ ಕೂತಿದ್ದೀರಿ?"

"ಏನೂ ಇಲ್ಲ ಕಣೆ. ಆಪರೇಷನ್ ಮಾಡಿಸೋದೇ ದಂಡ ಅನ್ನಿಸ್ತದೆ. ನಾನು ಉಳಿದು ಏನು ಮಾಡಬೇಕು?"

ಹೆದರಿಕೆ ಯಾರಿಗೆ ಇರುವುದಿಲ್ಲ? ಎದೆ ಸೀಳುತ್ತಾರೆ ಅಂದರೆ ಎಂಥವರಿಗೂ ಭಯವೇ. ಆ ಭಯ ತಪ್ಪಲ್ಲ. ಆದರೆ "ಉಳಿದು ಏನು ಮಾಡಬೇಕು" ಅನ್ನುವ ಮಾತು ಬೇರೆ. ಅದರಲ್ಲಿ ಹೆದರಿಕೆಗಿಂತ ಹೆಚ್ಚಾಗಿ ಬೇಸತ್ತ ದನಿ ಇದೆ. ಈ ಮಾತು ಕಿವಿಗೆ ಬಿದ್ದರೆ ಮನೆಯವರು ಅಲ್ಲಿಗೇ ಬಿಡಬಾರದು.

ವೈದ್ಯರು ಇದಕ್ಕೆ ಖಿನ್ನತೆ ಅನ್ನುತ್ತಾರೆ. ನಾವು ಆಡುಮಾತಿನಲ್ಲಿ ಮನಸ್ಸು ಕುಗ್ಗಿದೆ, ಮಂಕು ಕವಿದಿದೆ ಅಂತೀವಿ. ಎದೆಗುಂದಿದ್ದಾನೆ ಅಂತಲೂ ಅಂತೀವಿ. ಎದೆಗೂ ಮನಸ್ಸಿಗೂ ನಂಟು ಇದೆ ಎಂದು ನಮ್ಮ ಮಾತೇ ಹೇಳುತ್ತದೆ ನೋಡಿ.

ಆಪರೇಷನ್ನಿಗೆ ಮುಂಚೆ ಮನಸ್ಸು ಕುಗ್ಗಲು ದುಡ್ಡಿನ ಚಿಂತೆಯೂ ಕಾರಣ. ಸಾಲ ಯಾರು ತೀರಿಸಬೇಕು, ಮಗಳ ಮದುವೆ ಹೇಗೆ ಅಂತ ತಲೆ ಕೊರೆಯುತ್ತದೆ. ಇಲ್ಲಿ ಒಂದು ವಿಷಯ ತಿಳಿದಿರಲಿ. ಸರ್ಕಾರದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಸಿಗುತ್ತದೆ. ಹೃದಯದ ಆಪರೇಷನ್ ಕೂಡ ಅದರಲ್ಲಿ ಸೇರಿದೆ. ಹೊಲ ಮಾರುವ ಮುಂಚೆ ಆಸ್ಪತ್ರೆಯಲ್ಲಿ ಇದನ್ನು ವಿಚಾರಿಸಿ. ಎಷ್ಟೋ ಮನೆಗಳಲ್ಲಿ ಚಿಂತೆಯ ಅರ್ಧ ಭಾರ ಇಲ್ಲೇ ಇಳಿಯುತ್ತದೆ.

ಆಪರೇಷನ್ ಆದ ಮೊದಲ ದಿನಗಳು

ಆಪರೇಷನ್ ಆದ ಮೇಲೆ ರೋಗಿಯನ್ನು ಐಸಿಯುನಲ್ಲಿ ಇಡುತ್ತಾರೆ. ಅಲ್ಲಿ ಹಗಲೂ ರಾತ್ರಿ ದೀಪ ಉರಿಯುತ್ತದೆ. ಯಂತ್ರಗಳು ಕೂಗುತ್ತವೆ. ಮೈಗೆಲ್ಲ ಕೊಳವೆ ಹಾಕಿರುತ್ತಾರೆ. ಸರಿಯಾದ ನಿದ್ದೆ ಇರುವುದಿಲ್ಲ.

ಈ ಎರಡು ಮೂರು ದಿನಗಳಲ್ಲಿ ಕೆಲವರು ತಡಬಡಿಸುತ್ತಾರೆ. ಇಲ್ಲದ ಜನರನ್ನು ಕಾಣುತ್ತಾರೆ. ಸತ್ತ ತಾಯಿಯನ್ನು ಕರೆಯುತ್ತಾರೆ. ಕೊಳವೆ ಕೀಳಲು ಹೋಗುತ್ತಾರೆ. ವಯಸ್ಸಾದವರಲ್ಲಿ ಇದು ಹೆಚ್ಚು. ನೋಡಿದ ಮನೆಯವರಿಗೆ ಕೈಕಾಲು ನಡುಗುತ್ತದೆ. "ಗಾಳಿ ಸೋಕಿದೆ, ಊರಿಗೆ ಹೋದ ಕೂಡಲೇ ತಾಯಿತ ಕಟ್ಟಿಸಬೇಕು" ಅಂತಾರೆ.

ಇದು ಗಾಳಿಯಲ್ಲ. ಹುಚ್ಚೂ ಅಲ್ಲ. ದೊಡ್ಡ ಆಪರೇಷನ್, ಮತ್ತಿನ ಔಷಧಿ, ನಿದ್ದೆಗೇಡು ಎಲ್ಲ ಸೇರಿ ಮಿದುಳಿಗೆ ಆದ ಗಲಿಬಿಲಿ. ಸಿಸ್ಟರಿಗೆ ಕೂಡಲೇ ಹೇಳಬೇಕು. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಒಳಗೆ ಬಿಟ್ಟಾಗ ರೋಗಿಯ ಕೈ ಹಿಡಿಯಿರಿ. "ಅಪ್ಪಾ, ನೀವು ಆಸ್ಪತ್ರೆಯಲ್ಲಿದ್ದೀರಿ. ಆಪರೇಷನ್ ಮುಗೀತು. ಇವತ್ತು ಬುಧವಾರ" ಅಂತ ಮೆಲ್ಲಗೆ ಹೇಳಿ. ಕನ್ನಡಕ ಹಾಕುವವರಿಗೆ ಸಿಸ್ಟರನ್ನು ಕೇಳಿ ಕನ್ನಡಕ ಕೊಡಿ. ಕಣ್ಣು ಸರಿಯಾಗಿ ಕಂಡರೆ ಗಲಿಬಿಲಿ ಕಮ್ಮಿಯಾಗುತ್ತದೆ.

ಈ ಗಲಿಬಿಲಿ ಬೇರೆ. ಖಿನ್ನತೆ ಬೇರೆ. ಖಿನ್ನತೆ ಹೀಗೆ ಗದ್ದಲ ಮಾಡಿಕೊಂಡು ಬರುವುದಿಲ್ಲ.

ಮನೆಗೆ ಬಂದ ಮೇಲೆ

ನಮ್ಮ ಯಜಮಾನರ ಆಪರೇಷನ್ ಚೆನ್ನಾಗಿ ಆಯಿತು. ಮನೆಗೆ ಬಂದರು. ನೆಂಟರೆಲ್ಲ ಮೂಸಂಬಿ, ಎಳನೀರು ತಂದು ನೋಡಿ ಹೋದರು. ಮೊದಲ ವಾರ ಮನೆ ತುಂಬ ಜನ. ಆಮೇಲೆ ಯಾರೂ ಬರಲಿಲ್ಲ. ಸುಗ್ಗಿ ಕಾಲ. ಮಗ ಹೊಲಕ್ಕೆ ಹೋದ. ಸೊಸೆ ಕೆಲಸಕ್ಕೆ ಹೋದಳು. ಯಜಮಾನರು ಮಂಚದ ಮೇಲೆ ಒಬ್ಬರೇ.

ಎದೆಮೂಳೆಯನ್ನು ತಂತಿ ಹಾಕಿ ಕಟ್ಟಿರುತ್ತಾರೆ. ಅದು ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ. ನೇಗಿಲು ಹಿಡಿಯುವಂತಿಲ್ಲ. ಸೈಕಲ್ಲು, ಬೈಕು ಓಡಿಸುವಂತಿಲ್ಲ. ಕೆಮ್ಮಿದರೆ ನೋವು. ಮಗ್ಗುಲಾದರೆ ನೋವು. ನಿನ್ನೆವರೆಗೆ ಹತ್ತು ಜನಕ್ಕೆ ಕೆಲಸ ಹೇಳುತ್ತಿದ್ದ ಮನುಷ್ಯ ಇವತ್ತು ಸ್ನಾನಕ್ಕೂ ಇನ್ನೊಬ್ಬರ ಕೈ ಕಾಯಬೇಕು.

ಹೆಂಗಸರಿಗೆ ಆಪರೇಷನ್ ಆದರೆ ಇನ್ನೊಂದು ಕಷ್ಟ. ಅವರಿಗೆ ಮಲಗಲು ಬಿಡುವವರು ಯಾರು? ಹದಿನೈದನೇ ದಿನಕ್ಕೆ ಬಿಂದಿಗೆ ಕೈಗೆ ಬರುತ್ತದೆ. ಬಿಂದಿಗೆ ಎತ್ತಬೇಡ ಅಂತ ವೈದ್ಯರು ಹೇಳಿದ್ದು ಚೀಟಿಯಲ್ಲೇ ಉಳಿಯುತ್ತದೆ. ಈ ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು ಎಂದು ತಿಳಿದವರು ಹೇಳುತ್ತಾರೆ. ನಮಗೆ ಆಶ್ಚರ್ಯವಾಗಲಿಲ್ಲ.

ಮೊದಲ ಒಂದೆರಡು ವಾರ ಮನಸ್ಸು ಏರಿಳಿಯುವುದು ಸಹಜ. ಕಾರಣ ಇಲ್ಲದೆ ಅಳು ಬರುತ್ತದೆ. ಸಣ್ಣ ಮಾತಿಗೆ ಸಿಟ್ಟು ಬರುತ್ತದೆ. ಎಷ್ಟೋ ಜನ ಆಮೇಲೆ ತಾವಾಗಿ ಗೆಲುವಾಗುತ್ತಾರೆ. ಎದೆನೋವು ಹೋಯಿತಲ್ಲ, ನಡೆಯಲು ಆಗುತ್ತದಲ್ಲ ಅಂತ ಆಪರೇಷನ್ನಿಗೆ ಮುಂಚಿಗಿಂತ ಖುಷಿಯಾಗಿ ಇರುವವರೂ ಬಹಳ.

ಯಜಮಾನರಿಗೆ ಹಾಗಾಗಲಿಲ್ಲ. ಒಂದು ತಿಂಗಳಾದರೂ ಮಂಕು ಬಿಡಲಿಲ್ಲ. ಬೆಳಿಗ್ಗೆ, ಸಂಜೆ ನಡೆಯಿರಿ ಅಂತ ವೈದ್ಯರು ಹೇಳಿದ್ದರು. ಅವರು ನಡೆಯಲಿಲ್ಲ. "ಇವತ್ತು ಬೇಡ" ಅನ್ನುತ್ತಿದ್ದರು.

ಮಗನಿಗೆ ಬೇಸರ ಬಂತು. "ಇಷ್ಟು ಓಡಾಡಿ ಉಳಿಸಿಕೊಂಡಿದ್ದೀವಿ. ಆದರೂ ಮುಖ ಹಿಂಗೇ ಮಾಡ್ಕೊಂಡು ಕೂತವ್ರೆ" ಅಂದ. ಅಪ್ಪನಿಗೆ ಅದು ಕೇಳಿಸಿತು. ಅವತ್ತು ರಾತ್ರಿ ಊಟ ಬೇಡ ಅಂದರು.

ಮಗ ಕೆಟ್ಟವನಲ್ಲ. ಅವನಿಗೆ ಗೊತ್ತಿರಲಿಲ್ಲ, ಅಷ್ಟೆ. ಜ್ವರ ಬಂದವರಿಗೆ "ಮೈ ಯಾಕೆ ಬಿಸಿ ಮಾಡ್ಕೊಂಡಿದ್ದೀರಿ" ಅಂತ ನಾವು ಬೈಯುತ್ತೀವಾ? ಇದೂ ಹಾಗೇ.

ಗುಟ್ಟು ಬಯಲಿಗೆ ತಂದವರು ಹೆಂಡತಿ. ಅವರು ಎರಡು ವರ್ಷದ ಹಿಂದೆ ಕಲಿಕಾ ಕೇಂದ್ರದಲ್ಲಿ ಅಕ್ಷರ ಕಲಿತವರು. ಹಾಸಿಗೆ ಕೊಡವುವಾಗ ಕೆಳಗೆ ಮಾತ್ರೆ ಸಿಕ್ಕವು. ಎಣಿಸಿದರು. 11 ಮಾತ್ರೆ. ನುಂಗಿದ್ದೀನಿ ಅಂತ ಹೇಳಿ ಯಜಮಾನರು ಹಾಸಿಗೆ ಕೆಳಗೆ ಇಟ್ಟಿದ್ದರು. ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಮಾತ್ರೆಯೂ ಅದರಲ್ಲಿತ್ತು. ಹೊಸ ನಾಳ ಮುಚ್ಚಿಹೋಗದಿರಲು ಆ ಮಾತ್ರೆ ಬೇಕೇ ಬೇಕು.

ಅವರು ಜಗಳ ಮಾಡಲಿಲ್ಲ. ಮಾತ್ರೆಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಆಶಾ ಕಾರ್ಯಕರ್ತೆಯ ಮನೆಗೆ ಹೋದರು. ಮಾರನೇ ದಿನ ಎಲ್ಲರೂ ಸೇರಿ ವೈದ್ಯರ ಹತ್ತಿರ ಹೊರಟರು.

ಗುರುತು ಹಿಡಿಯುವುದು ಹೇಗೆ?

ಇಲ್ಲಿ ಒಂದು ತೊಡಕಿದೆ. ಸುಸ್ತು, ನಿದ್ದೆ ಬಾರದಿರುವುದು, ಊಟ ಸೇರದಿರುವುದು ಇವು ಖಿನ್ನತೆಯಲ್ಲೂ ಇರುತ್ತವೆ, ಹೃದಯದ ಕಾಯಿಲೆಯಲ್ಲೂ ಇರುತ್ತವೆ. ಆಪರೇಷನ್ ಆದವರಿಗಂತೂ ಸುಸ್ತು ಇದ್ದೇ ಇರುತ್ತದೆ. ಹಾಗಾಗಿ ಅಷ್ಟರಿಂದಲೇ ಹೇಳಲು ಆಗುವುದಿಲ್ಲ. ಮನಸ್ಸಿನ ಗುರುತುಗಳನ್ನೇ ನೋಡಬೇಕು.

ವೈದ್ಯರು ಮೊದಲು ಎರಡು ಪ್ರಶ್ನೆ ಕೇಳುತ್ತಾರೆ. ನಾವೂ ಮನೆಯಲ್ಲಿ ಕೇಳಬಹುದು.

ಈ ಎರಡು ವಾರದಲ್ಲಿ ಮನಸ್ಸು ಕುಗ್ಗಿದ ಹಾಗೆ, ಮುಂದೆ ಏನೂ ಒಳ್ಳೇದಾಗಲ್ಲ ಅನ್ನಿಸಿದ ಹಾಗೆ ಆಗಿದೆಯಾ?

ಈ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸೆ, ಖುಷಿ ಇಲ್ಲದ ಹಾಗೆ ಆಗಿದೆಯಾ?

ಬಹಳ ದಿನ ಹೀಗೇ ಅನ್ನಿಸಿದ್ದರೆ ವೈದ್ಯರಿಗೆ ಹೇಳಲೇಬೇಕು. ಇದರ ಜೊತೆಗೆ ಇನ್ನೂ ಕೆಲವು ಗುರುತು ಇರಬಹುದು. ನಾನು ಮನೆಗೆ ಹೊರೆ ಅನ್ನುವುದು. ಎಲ್ಲ ನನ್ನ ತಪ್ಪು ಅನ್ನುವುದು. ಗಮನ ನಿಲ್ಲದಿರುವುದು. ಮಾತು, ನಡೆ ನಿಧಾನ ಆಗುವುದು. ಕೆಲವರು ಅಳುವುದೇ ಇಲ್ಲ, ಬರೀ ಸಿಡುಕುತ್ತಾರೆ. ಗಂಡಸರಲ್ಲಿ ಇದನ್ನು ನಾವು ಸಿಟ್ಟಿನ ಸ್ವಭಾವ ಅಂತ ತಳ್ಳಿಹಾಕುತ್ತೇವೆ. ಬಿಟ್ಟ ಬೀಡಿ, ಬಿಟ್ಟ ಕುಡಿತ ಮತ್ತೆ ಶುರುವಾದರೂ ಅನುಮಾನ ಪಡಬೇಕು.

ಆಪರೇಷನ್ನಿಗೆ ಮುಂಚೆ ಮನಸ್ಸು ಕುಗ್ಗಿದ್ದವರಿಗೆ ಆಮೇಲೂ ಕುಗ್ಗುವ ಸಂಭವ ಹೆಚ್ಚು. ಅದಕ್ಕೇ ಜಗಲಿ ಮೇಲೆ ಆಡಿದ ಆ ಮಾತನ್ನು ಅವತ್ತೇ ವೈದ್ಯರಿಗೆ ಮುಟ್ಟಿಸಬೇಕಾಗಿತ್ತು.

"ಸಾಯಬೇಕು ಅನ್ನಿಸ್ತದಾ?" ಎಂದು ನೇರವಾಗಿ ಕೇಳಲು ನಾವು ಹಿಂಜರಿಯುತ್ತೇವೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾದೀತು ಅಂತ ಭಯ. ಹಾಗಾಗುವುದಿಲ್ಲ. ಕೇಳಿದರೆ ಅವರ ಭಾರ ಇಳಿಯುತ್ತದೆ. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿ ಡಬ್ಬಿ ಮನೆಯಲ್ಲಿ ಇಡಬೇಡಿ. ಮಾತ್ರೆಗಳನ್ನು ನೀವೇ ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಕೊಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮನಸ್ಸು ಕುಗ್ಗಿದರೆ ಹೃದಯಕ್ಕೇನು?

ಮನಸ್ಸಿನ ಮಾತು ಆಮೇಲೆ ನೋಡೋಣ, ಮೊದಲು ಹೃದಯ ಸರಿಯಾಗಲಿ ಅಂತ ಕೆಲವರು ಹೇಳುತ್ತಾರೆ. ಅದಕ್ಕೆ ಈ ಲೆಕ್ಕ ಓದಿ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಬೈಪಾಸ್ ಮಾಡಿಸಿಕೊಂಡ 817 ಜನರನ್ನು ವೈದ್ಯರು ಆಪರೇಷನ್ನಿಗೆ ಮುಂಚೆಯೇ ವಿಚಾರಿಸಿದರು. ಆಮೇಲೆ ವರ್ಷಗಟ್ಟಲೆ ಅವರನ್ನು ಗಮನಿಸಿದರು. 2003ರಲ್ಲಿ ಅದರ ವರದಿ ಬಂತು. 100 ಜನರಲ್ಲಿ 38 ಜನರಿಗೆ ಖಿನ್ನತೆ ಇತ್ತು. ಅವರಲ್ಲಿ 12 ಜನರಿಗೆ ಅದು ಜೋರಾಗಿತ್ತು. ಜೋರಾಗಿ ಇದ್ದವರಿಗೆ ಸಾವಿನ ಅಪಾಯ, ಇಲ್ಲದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಸ್ವಲ್ಪವೇ ಇದ್ದರೂ 6 ತಿಂಗಳವರೆಗೆ ಬಿಡದೆ ಇದ್ದರೆ ಆಗಲೂ ಅಪಾಯ ಅಷ್ಟೇ ಹೆಚ್ಚಿತ್ತು.

ಯಾಕೆ ಹೀಗೆ? ಒಂದು ಕಾರಣ ಹಾಸಿಗೆ ಕೆಳಗೆ ಸಿಕ್ಕಿತು. ಮನಸ್ಸು ಕುಗ್ಗಿದವರು ಮಾತ್ರೆ ಬಿಡುತ್ತಾರೆ. ನಡೆಯುವುದಿಲ್ಲ. ಪಥ್ಯ ಮಾಡುವುದಿಲ್ಲ. ಎದೆನೋವು ಬಂದರೂ ಬಾಯಿ ಬಿಡುವುದಿಲ್ಲ. ಇನ್ನೊಂದು ಕಾರಣ ಮೈಯೊಳಗೇ ಇದೆ. ಖಿನ್ನತೆ ಇದ್ದಾಗ ಮೈ ಸದಾ ಬಿಗಿಯಲ್ಲಿರುತ್ತದೆ. ನಾಡಿಬಡಿತದ ಹದ ಕೆಡುತ್ತದೆ. ರಕ್ತ ಬೇಗ ಹೆಪ್ಪುಗಟ್ಟುವ ಕಡೆಗೆ ವಾಲುತ್ತದೆ. ಹೊಸದಾಗಿ ಜೋಡಿಸಿದ ನಾಳಕ್ಕೆ ಇದು ಒಳ್ಳೆಯದಲ್ಲ.

ಔಷಧಿ ಇದೆ

ವೈದ್ಯರು ಯಜಮಾನರ ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಕಡಿಮೆ ಇದ್ದರೆ, ಥೈರಾಯಿಡ್ ತೊಂದರೆ ಇದ್ದರೆ ಆಗಲೂ ಹೀಗೇ ಮಂಕಾಗುತ್ತದೆ. ಅದನ್ನು ಮೊದಲು ನೋಡಬೇಕು. ಆಮೇಲೆ ಕೂರಿಸಿಕೊಂಡು ಮಾತಾಡಿಸಿದರು. ಮಗನನ್ನು ಹೊರಗೆ ಕಳಿಸಿ ಮಾತಾಡಿಸಿದರು. ಅದು ಒಳ್ಳೆಯದೇ ಆಯಿತು. ಮಗನ ಎದುರಿಗೆ ಅಪ್ಪ ಹೇಗೆ ಅಳುತ್ತಾರೆ?

ಇದಕ್ಕೆ ಮಾತಿನ ಚಿಕಿತ್ಸೆ ಇದೆ. ಅದಕ್ಕೆ ಆಪ್ತಸಲಹೆ ಅನ್ನುತ್ತಾರೆ. ಮಾತ್ರೆಯೂ ಇದೆ. ಸರ್ಟ್ರಲೀನ್ ಎಂಬ ಮಾತ್ರೆಯನ್ನು ಹೃದಯದ ರೋಗಿಗಳಿಗೆ ಕೊಟ್ಟು ಪರೀಕ್ಷಿಸಿದ್ದಾರೆ. ಆದರೆ ಮನಸ್ಸಿನ ಎಲ್ಲ ಮಾತ್ರೆಯೂ ಹೃದಯಕ್ಕೆ ಆಗಿಬರುವುದಿಲ್ಲ. ಹಳೆಯ ಕಾಲದ ಕೆಲವು ಮಾತ್ರೆ ನಾಡಿಬಡಿತ ಕೆಡಿಸುತ್ತವೆ. ಇನ್ನು ಕೆಲವು, ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಸೇರಿದರೆ ರಕ್ತ ಸೋರುವ ಭಯ. ಪಕ್ಕದ ಮನೆಯವರಿಗೆ ಕೊಟ್ಟದ್ದು ನಮಗೆ ಆಗುವುದಿಲ್ಲ. ಅಂಗಡಿಯಲ್ಲಿ ಕೇಳಿ ತಂದು ನುಂಗಬಾರದು. ಈಗ ನುಂಗುತ್ತಿರುವ ಎಲ್ಲ ಮಾತ್ರೆಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ.

ಮನಸ್ಸಿನ ಮಾತ್ರೆ ತಲೆನೋವಿನ ಮಾತ್ರೆ ಹಾಗೆ ಕೂಡಲೇ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಕೆಲವು ವಾರ ಬೇಕು. ನಾಲ್ಕು ದಿನ ನುಂಗಿ "ಏನೂ ಆಗಲಿಲ್ಲ" ಅಂತ ಬಿಡಬೇಡಿ. ಗುಣವಾಯಿತು ಅಂತ ತಟ್ಟನೆ ನಿಲ್ಲಿಸಲೂ ಬೇಡಿ. ವೈದ್ಯರು ಹೇಳಿದ ಹಾಗೆ ನಿಧಾನವಾಗಿ ಕಡಿಮೆ ಮಾಡಬೇಕು.

ನಡಿಗೆಯೂ ಔಷಧಿಯೇ. ಮೊದಲು ಅಂಗಳದವರೆಗೆ. ಆಮೇಲೆ ಬೀದಿಯ ಕೊನೆಯವರೆಗೆ. ಎಷ್ಟು ದೂರ ಅನ್ನುವುದನ್ನು ವೈದ್ಯರೇ ಹೇಳುತ್ತಾರೆ. ಒಬ್ಬರೇ ಹೋಗಿ ಅನ್ನುವುದಕ್ಕಿಂತ ಜೊತೆಗೆ ಹೋಗುವುದು ಮೇಲು. ಕೂತಲ್ಲೇ ಮಾಡುವ ಸಣ್ಣ ಕೆಲಸವನ್ನೂ ಕೊಡಿ. ಕಾಳು ಆರಿಸಲಿ. ಹಾಲಿನ ಲೆಕ್ಕ ಬರೆಯಲಿ. ನಾನು ಹೊರೆ ಅನ್ನುವ ಯೋಚನೆಗೆ ಇದರಿಂದ ಸ್ವಲ್ಪ ಬಿಡುವು.

ಬರೀ ವಿಚಾರಿಸುವುದರಿಂದಲೂ ಎಷ್ಟು ಗುಣ ನೋಡಿ. ಅಮೆರಿಕದ ಪಿಟ್ಸ್‌ಬರ್ಗ್ ನಗರದ ವೈದ್ಯರು, ಬೈಪಾಸ್ ಆಗಿ ಖಿನ್ನತೆ ಬಂದಿದ್ದ 302 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ನರ್ಸ್ 8 ತಿಂಗಳ ಕಾಲ ಆಗಾಗ ಫೋನ್ ಮಾಡಿ ವಿಚಾರಿಸಿದರು. ಬೇಕಾದ ಸಲಹೆ, ಚಿಕಿತ್ಸೆ ಸಿಗುವ ಹಾಗೆ ನೋಡಿಕೊಂಡರು. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ. 2009ರಲ್ಲಿ ಫಲ ಹೇಳಿದರು. ಫೋನ್ ಬಂದವರಲ್ಲಿ 100ಕ್ಕೆ 50 ಜನರ ಖಿನ್ನತೆ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿತ್ತು. ಬಾರದವರಲ್ಲಿ 100ಕ್ಕೆ 30 ಜನರದ್ದು ಮಾತ್ರ.

ಯಾರನ್ನು ಕೇಳಬೇಕು?

ಮೊದಲು ಆಪರೇಷನ್ ಮಾಡಿದ ಆಸ್ಪತ್ರೆಯಲ್ಲೇ ಹೇಳಿ. ತಪಾಸಣೆಗೆ ಕರೆದ ದಿನ "ಎದೆನೋವು ಇದೆಯಾ" ಅಂತ ಕೇಳುತ್ತಾರೆ. "ನೋವಿಲ್ಲ" ಅಂದು ಎದ್ದು ಬರಬೇಡಿ. ಮನಸ್ಸಿನ ವಿಷಯ ಅವರು ಕೇಳದಿದ್ದರೂ ನೀವೇ ಹೇಳಿ.

ದೂರ ಹೋಗಲು ಆಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಚಿಕಿತ್ಸೆ ಕೊಡಬಹುದು ಎಂದು ತೋರಿಸಿದ ಜಿಲ್ಲೆ ನಮ್ಮದೇ ಬಳ್ಳಾರಿ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಅಲ್ಲಿ ಇದನ್ನು ಮಾಡಿ ನೋಡಿದರು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ತಜ್ಞರನ್ನು ಕೇಳಬಹುದು.

ಫೋನಿನಲ್ಲೂ ಕೇಳಬಹುದು. ಸಂಖ್ಯೆ 14416. ಹೆಸರು ಟೆಲಿ ಮಾನಸ್. 2022ರ ಅಕ್ಟೋಬರ್ ತಿಂಗಳಲ್ಲಿ ಸರ್ಕಾರ ಇದನ್ನು ಶುರು ಮಾಡಿತು. ಹಗಲು, ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ. ಕನ್ನಡದಲ್ಲೇ ಮಾತಾಡುತ್ತಾರೆ. ರೋಗಿಯೇ ಮಾಡಬೇಕು ಅಂತಿಲ್ಲ. ನೋಡಿಕೊಳ್ಳುವವರೂ ಮಾಡಬಹುದು. ರಾತ್ರಿಯೆಲ್ಲ ನಿದ್ದೆಗೆಟ್ಟು ಆರೈಕೆ ಮಾಡುವ ಹೆಂಡತಿಗೆ, ಸೊಸೆಗೆ ಕೂಡ ಮನಸ್ಸು ಕುಗ್ಗುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಂದು ಎಚ್ಚರಿಕೆ. ಎದೆ ಹಿಂಡುವುದು, ಏದುಸಿರು, ಜ್ವರ, ಗಾಯದಲ್ಲಿ ಕೀವು ಇವುಗಳನ್ನು ಮನಸ್ಸಿನ ಕಾಯಿಲೆ ಅಂತ ಬಿಡಬೇಡಿ. ತಡಮಾಡದೆ ಆಸ್ಪತ್ರೆಗೆ ಹೋಗಿ. ಎದೆ ಹಿಂಡಿದರೆ, ಉಸಿರು ಕಟ್ಟಿದರೆ 108ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಸಿ.

ಓದಿ, ಬರೆಯಿರಿ

ವೈದ್ಯರ ಮುಂದೆ ಕೂತಾಗ ಮಾತು ಮರೆತುಹೋಗುತ್ತದೆ. ಹೊರಗೆ ಬಂದ ಮೇಲೆ ನೆನಪಾಗುತ್ತದೆ. ಅದಕ್ಕೆ ಮನೆಯಲ್ಲೇ ಒಂದು ಚೀಟಿ ಬರೆದುಕೊಳ್ಳಿ. ದೊಡ್ಡ ದೊಡ್ಡ ವಾಕ್ಯ ಬೇಡ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ. ವೈದ್ಯರಿಗೆ ಅರ್ಥವಾದರೆ ಸಾಕು. ಕೆಳಗಿನದನ್ನು ನೋಡಿಕೊಂಡು ನಿಮ್ಮ ಪುಸ್ತಕದಲ್ಲಿ ಒಮ್ಮೆ ಬರೆಯಿರಿ.

ಆಪರೇಷನ್ ಆಗಿ 5 ವಾರ ಆಯಿತು.
ರಾತ್ರಿ 2 ಗಂಟೆಗೆ ಎಚ್ಚರ ಆಗುತ್ತದೆ. ಆಮೇಲೆ ನಿದ್ದೆ ಇಲ್ಲ.
3 ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ.
ಮಾತ್ರೆ ಬಿಟ್ಟಿದ್ದು 4 ದಿನ.
ನಡೆಯುತ್ತಿಲ್ಲ.
ನಾನು ಇದ್ದು ಏನು ಪ್ರಯೋಜನ ಅಂತ ಎರಡು ಸಲ ಹೇಳಿದರು.